ಕರಡಚ್ಚಿನಲ್ಲಿ ಪುಟ ಸೇರ್ಪಡೆ

ಕರಡಚ್ಚಿನಲ್ಲಿ ಪುಟ ಸೇರ್ಪಡೆ ಎಂದರೆ ಗ್ರಂಥವೊಂದರ ಪುಟಗಳನ್ನು ಕಟ್ಟಿದ ಮೇಲೆ, ಕರಡು ತಿದ್ದುವ ಹಂತದಲ್ಲಿ, ಹೊಸ ಬರಹ, ಕೋಷ್ಟಕ ಅಥವಾ ಚಿತ್ರಕ್ಕಾಗಿ ಹೆಚ್ಚುವರಿ ಪುಟಗಳನ್ನು ಸೇರಿಸುವ ಕಾರ್ಯ. ಕರಡು ತಿದ್ದುವುದರ ಮುಖ್ಯ ಉದ್ದೇಶ ದೋಷಗಳ ನಿವಾರಣೆಯೇ ಹೊರತು ಹೊಸ ಬರವಣಿಗೆಯಲ್ಲ. ಆದರೂ ಲೇಖಕರು ತಮ್ಮ ಬರಹವನ್ನು ಅಚ್ಚಿನ ರೂಪದಲ್ಲಿ ಮೊದಲು ಕಾಣುವುದು ಈ ಹಂತದಲ್ಲಿಯೇ ಆದುದರಿಂದ, ಬಿಟ್ಟುಹೋದ ಸಂಗತಿಗಳು ನೆನಪಾಗುವುದೂ ಆಗಲೇ.

ಹಿನ್ನೆಲೆ

ಅಚ್ಚುಮೊಳೆಗಳ ಕಾಲದಲ್ಲಿ ಜೋಡಿಸಿದ ಸಾಲುಗಳನ್ನು ಪುಟಗಳಾಗಿ ವಿಂಗಡಿಸುವ ಮೊದಲೇ ಉದ್ದನೆಯ ಹಾಳೆಯಲ್ಲಿ ಗ್ಯಾಲಿ ಕರಡನ್ನು ತೆಗೆಯಲಾಗುತ್ತಿತ್ತು. ಸೇರ್ಪಡೆಗೆ ಅದೇ ತಕ್ಕ ಸಮಯ. ಪುಟ ಕಟ್ಟಿದ ಬಳಿಕ ನಾಲ್ಕು ಸಾಲು ಸೇರಿಸಿದರೂ ಮುಂದಿನ ಪುಟಗಳಿಂದ ಸಾಲುಗಳನ್ನು ಎತ್ತಿ ಸರಿಸುತ್ತ ಹೋಗಬೇಕಾಗುತ್ತಿತ್ತು. ಫ್ರಾನ್ಸಿನ ಕಾದಂಬರಿಕಾರ ಬಾಲ್ಜಾಕ್ ಕರಡಿನ ಅಂಚುಗಳಲ್ಲೆಲ್ಲ ಹೊಸದಾಗಿ ಬರೆದು ಮೊಳೆ ಜೋಡಿಸುವವರನ್ನು ಹೈರಾಣಾಗಿಸುತ್ತಿದ್ದುದು ಪ್ರಸಿದ್ಧ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಜೇಮ್ಸ್ ಜಾಯ್ಸನ 'ಯುಲಿಸಿಸ್' ಕಾದಂಬರಿಯ ಸುಮಾರು ಮೂರನೆಯ ಒಂದು ಭಾಗ ಕರಡುಗಳ ಮೇಲೆಯೇ ಬೆಳೆದದ್ದು. ಇಂತಹ ಸ್ವಾತಂತ್ರ್ಯ ಎಲ್ಲ ಲೇಖಕರಿಗೂ ದೊರೆಯುವುದಿಲ್ಲ. ಲೇಖಕರು ಮಾಡುವ ಬದಲಾವಣೆಗಳು ಮಿತಿ ಮೀರಿದರೆ ಹೆಚ್ಚಿನ ವೆಚ್ಚ ಅವರದೇ ಎಂಬ ಷರತ್ತು ಅನೇಕ ಪ್ರಕಾಶನ ಒಪ್ಪಂದಗಳಲ್ಲಿ ಇರುತ್ತದೆ.

ಫಾರಂಗಳ ಲೆಕ್ಕ

ಪುಸ್ತಕವನ್ನು ಬಿಡಿಪುಟಗಳಲ್ಲಿ ಅಲ್ಲ, ಫಾರಂಗಳಲ್ಲಿ ಮುದ್ರಿಸಲಾಗುತ್ತದೆ. ದೊಡ್ಡ ಹಾಳೆಯನ್ನು ಮಡಿಸಿದಾಗ ಸಾಮಾನ್ಯವಾಗಿ 8 ಅಥವಾ 16 ಪುಟಗಳ ಫಾರಂ ಆಗುತ್ತದೆ. 16 ಪುಟಗಳ ಲೆಕ್ಕದಲ್ಲಿ 160 ಪುಟಗಳ ಪುಸ್ತಕಕ್ಕೆ ಸರಿಯಾಗಿ 10 ಫಾರಂ ಸಾಕು. ಅದಕ್ಕೆ 3 ಪುಟ ಸೇರಿದರೆ 4 ಪುಟಗಳ ಸಣ್ಣ ಮಡಿಕೆಯೊಂದನ್ನು ಬೇರೆಯಾಗಿ ಅಚ್ಚುಹಾಕಿ, ಒಂದು ಪುಟವನ್ನು ಖಾಲಿ ಬಿಡಬೇಕಾಗುತ್ತದೆ. ಆದ್ದರಿಂದ ಕೊನೆಯ ಫಾರಂನಲ್ಲಿ ಖಾಲಿ ಪುಟಗಳಿವೆಯೇ ಎಂದು ಮೊದಲು ನೋಡುವುದು ವಾಡಿಕೆ. ಇಲ್ಲದಿದ್ದಲ್ಲಿ ಅದೇ ಅಧ್ಯಾಯದಲ್ಲಿ ಅಷ್ಟೇ ಪ್ರಮಾಣದ ಬರಹವನ್ನು ಕಡಿತಗೊಳಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಪುಟಸಂಖ್ಯೆ ಮತ್ತು ಪದಸೂಚಿ

ಬೆಸ ಸಂಖ್ಯೆಯ ಪುಟ ಬಲಗಡೆಗೂ ಸಮಸಂಖ್ಯೆಯದು ಎಡಗಡೆಗೂ ಬರುವುದು ರೂಢಿ. ನಡುವೆ ಒಂದೇ ಪುಟ ಸೇರಿದರೆ ಮುಂದಿನ ಪುಟಗಳೆಲ್ಲ ಮಗ್ಗುಲು ಬದಲಿಸುತ್ತವೆ. ಎದುರುಬದುರಾಗಿ ಹರಡಿದ್ದ ಕೋಷ್ಟಕ ಇಬ್ಭಾಗವಾಗಿ ಹಾಳೆಯ ಹಿಂದುಮುಂದಾಗುತ್ತದೆ. ಇದನ್ನು ತಪ್ಪಿಸಲು ಪುಟಗಳನ್ನು ಎರಡೆರಡಾಗಿ ಸೇರಿಸುವುದುಂಟು. ಸಂಖ್ಯೆಗಳನ್ನು ಕದಲಿಸಬಾರದಾದಲ್ಲಿ 64ರ ನಂತರ 64ಅ, 64ಆ ಎಂದು ಗುರುತಿಸಬಹುದು. ಮುನ್ನುಡಿ ಮೊದಲಾದ ಪೂರ್ವಭಾಗಕ್ಕೆ ಪ್ರತ್ಯೇಕವಾಗಿ ರೋಮನ್ ಅಂಕಿಗಳನ್ನು ಕೊಡುವ ಪದ್ಧತಿಯಿಂದಲೂ ಇದೇ ಅನುಕೂಲವಿದೆ: ಮುನ್ನುಡಿ ಎಷ್ಟೇ ತಡವಾಗಿ ಬಂದರೂ, ಎಷ್ಟೇ ಉದ್ದವಾದರೂ (ಎರಡೂ ಅಪರೂಪವಲ್ಲ) ಒಳಪುಟಗಳ ಸಂಖ್ಯೆ ಕೆಡುವುದಿಲ್ಲ.

ಹೆಚ್ಚಿನ ಹಾನಿ ಸಂಭವಿಸುವುದು ಪದಸೂಚಿಯಲ್ಲಿ. 40ನೆಯ ಪುಟದ ಬಳಿಕ ಎರಡು ಪುಟ ಸೇರಿದರೆ ಅಲ್ಲಿಂದ ಮುಂದಿನ ಪ್ರತಿಯೊಂದು ನಮೂದೂ ತಪ್ಪಾಗುತ್ತದೆ. ಅಕ್ಷರದೋಷದಂತೆ ಇದು ಕಣ್ಣಿಗೆ ಕಾಣುವುದಿಲ್ಲ. ಓದುಗ ಹುಡುಕಿ ಸೋತಾಗಲಷ್ಟೇ ಗೊತ್ತಾಗುತ್ತದೆ. ಗಣಕಯಂತ್ರದ ಪುಟವಿನ್ಯಾಸ ತಂತ್ರಾಂಶಗಳು ಪುಟಸಂಖ್ಯೆಯನ್ನು ತಾವೇ ಸರಿಪಡಿಸಿದರೂ, "ನೋಡಿ: ಪುಟ 92" ಎಂದು ಕೈಯಾರೆ ಬೆರಳಚ್ಚಿಸಿದ ಉಲ್ಲೇಖಗಳು ಹಾಗೆಯೇ ಉಳಿಯುತ್ತವೆ. ಹೀಗಾಗಿ ಪದಸೂಚಿಯನ್ನು ಪುಟಗಳು ಸ್ಥಿರವಾದ ನಂತರವೇ ಅಂತಿಮಗೊಳಿಸಬೇಕು.

ಸೇರ್ಪಡೆಯ ಕ್ರಮ

ದೀರ್ಘ ಸೇರ್ಪಡೆಯನ್ನು ಕರಡಿನ ಅಂಚಿನಲ್ಲಿ ತುರುಕದೆ ಬೇರೆ ಹಾಳೆಯಲ್ಲಿ ಬರೆದು, "ಸೇರ್ಪಡೆ ಅ" ಎಂದು ಹೆಸರಿಸಿ, ಪುಟ ಹಾಗೂ ಸಾಲನ್ನು ನಮೂದಿಸಲಾಗುತ್ತದೆ. ಕರಡಿನಲ್ಲಿ ಆ ಸ್ಥಳದಲ್ಲಿ ಕಾಕಪಾದ ಹಾಕಿ ಅದೇ ಹೆಸರನ್ನು ಬರೆಯಲಾಗುತ್ತದೆ. ಒಂದೇ ಕರಡು ಹಲವರ ಕೈಯಲ್ಲಿದ್ದಾಗ ಪ್ರತಿಯೊಂದು ಪ್ರತಿಯ ಮೇಲೂ ದಿನಾಂಕ ಮತ್ತು ಎಷ್ಟನೆಯ ಕರಡು ಎಂಬುದು ಇರಲೇಬೇಕು. ಇಲ್ಲವಾದರೆ ಒಬ್ಬರು ಹೇಳುವ 52ನೆಯ ಪುಟ ಮತ್ತೊಬ್ಬರಿಗೆ 54 ಆಗಿರುತ್ತದೆ. ಹೊಸ ಪುಟಗಳ ಜೊತೆಗೆ ಅವುಗಳ ಹಿಂದಿನ ಹಾಗೂ ಮುಂದಿನ ಪುಟಗಳನ್ನೂ ಮತ್ತೆ ಓದುವುದು ಅಗತ್ಯ, ಏಕೆಂದರೆ ಸಾಲುಗಳು ಬಿಟ್ಟುಹೋಗುವುದೂ ಎರಡು ಬಾರಿ ಬರುವುದೂ ಸಾಮಾನ್ಯವಾಗಿ ಆ ಸಂಧಿಸ್ಥಾನಗಳಲ್ಲಿ.

ಮುದ್ರಣ ಮುಗಿದ ಮೇಲೆ ಉಳಿಯುವ ದಾರಿಗಳು ಎರಡೇ: ಬಿಡಿ ಹಾಳೆಯನ್ನು ಮುದ್ರಿಸಿ ಒಳಗೆ ಅಂಟಿಸುವುದು ಅಥವಾ ತಪ್ಪು–ಒಪ್ಪುಗಳ ಪಟ್ಟಿಯೊಡನೆ ಅನುಬಂಧವಾಗಿ ಕೊಡುವುದು.