ಅಚ್ಚು ನಮ್ಮ ಕೇರಿಗೆ ಬರಲು ಐದುನೂರು ವರ್ಷ

ಮುದ್ರಣ ಯಂತ್ರ ಕಂಡುಹಿಡಿದವರು ಯಾರು? ಹೈಸ್ಕೂಲಿನಲ್ಲಿ ಇದು ಒಂದು ಮಾರ್ಕಿನ ಪ್ರಶ್ನೆ. ಗುಟೆನ್‌ಬರ್ಗ್ ಅಂತ ಬರೆದು ನಾವೂ ಆ ಮಾರ್ಕು ತಗೊಂಡವರೇ. ಆದರೆ ಹೊನ್ನಾವರ ತಾಲೂಕಿನ ನಮ್ಮ ಕೇರಿಗೆ ಆ ಅಚ್ಚು ಯಾವಾಗ ಬಂತು, ಯಾರ ಕೈಯಿಂದ ಬಂತು, ಏನು ಹೊತ್ತುಕೊಂಡು ಬಂತು ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. ನಮ್ಮ ಮನೆಗೆ ಪದವಿಯ ಕಾಗದ ಬಂದದ್ದು ನಮ್ಮ ತಲೆಮಾರಿಗೇ ಮೊದಲು. ಅದಕ್ಕೂ ಮುಂಚೆ ಮನೆಯಲ್ಲಿದ್ದ ಅಚ್ಚಿನ ಕಾಗದ ಅಂದರೆ ಅಜ್ಜನ ತಗಡಿನ ಟ್ರಂಕಿನಲ್ಲಿದ್ದ ಒಂದೇ ಒಂದು ಫಾರಂ. ಗುಟೆನ್‌ಬರ್ಗನಿಂದ ಆ ಟ್ರಂಕಿನ ತನಕದ ದಾರಿಯನ್ನು ಇಲ್ಲಿ ಹುಡುಕಿದ್ದೇವೆ.

ಜರ್ಮನಿಯ ಮೈನ್ಸ್ ಊರಿನ ಯೋಹಾನ್ ಗುಟೆನ್‌ಬರ್ಗ್ 1455ರ ಸುಮಾರಿಗೆ ಬೈಬಲನ್ನು ಅಚ್ಚು ಹಾಕಿದ. ಬಿಡಿ ಮೊಳೆಗಳ ಅಚ್ಚು ಅದಕ್ಕೂ ಮೊದಲೇ ಚೀನಾ, ಕೊರಿಯಾಗಳಲ್ಲಿ ಇತ್ತು. ಕೊರಿಯಾದಲ್ಲಿ 1377ರಲ್ಲೇ ಲೋಹದ ಮೊಳೆಯಿಂದ ಪುಸ್ತಕ ಹೊರಬಂದಿತ್ತು. ಗುಟೆನ್‌ಬರ್ಗ್ ಮಾಡಿದ್ದೇನು? ಒಂದೇ ಎತ್ತರದ ಮೊಳೆಗಳನ್ನು ಬೇಗಬೇಗ ಎರಕ ಹೊಯ್ಯುವ ದಾರಿ ಕಂಡುಕೊಂಡ, ಎಣ್ಣೆ ಬೆರೆತ ಮಸಿ ಮಾಡಿದ, ತಿರುಪಿನ ಒತ್ತುಯಂತ್ರಕ್ಕೆ ಕಾಗದ ಕೊಟ್ಟ. ನಕಲುಗಾರರು ತಿಂಗಳುಗಟ್ಟಲೆ ಕೂತು ಬರೆಯುತ್ತಿದ್ದ ಪುಸ್ತಕ ನೂರಾರು ಪ್ರತಿಗಳಾಗಿ ಬಿತ್ತು.

ಇದರಿಂದ ಯುರೋಪು ಬದಲಾಯಿತು ಎಂದು ಪಾಠ ಹೇಳುತ್ತದೆ. ಹೌದು, ಬದಲಾಯಿತು. ಆದರೆ ಪಾಠದಲ್ಲಿಲ್ಲದ ಒಂದು ಸಂಗತಿ ಇದೆ. 1525ರಲ್ಲಿ ಜರ್ಮನಿಯ ರೈತರು ಮೆಮ್ಮಿಂಗೆನ್ ಎಂಬ ಊರಿನಲ್ಲಿ ಸೇರಿ ಹನ್ನೆರಡು ಬೇಡಿಕೆ ಬರೆದರು. ಜೀತ ಬೇಡ, ಗೇಣಿ ಇಳಿಸಿ, ಕಾಡು ಹೊಳೆ ನಮಗೂ ಬಿಡಿ, ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ. ಎರಡು ತಿಂಗಳಲ್ಲಿ ಅದರ ಸುಮಾರು 25,000 ಪ್ರತಿ ಹರಡಿದವು. ಅದೇ ವರ್ಷ, ಪೋಪನ ವಿರುದ್ಧ ಅಚ್ಚನ್ನೇ ಆಯುಧ ಮಾಡಿಕೊಂಡಿದ್ದ ಮಾರ್ಟಿನ್ ಲೂಥರ್, ದಂಗೆಯೆದ್ದ ರೈತರನ್ನು ಬಡಿದುಹಾಕಿ ಎಂದು ಪ್ರಭುಗಳಿಗೆ ಹೇಳುವ ಪುಸ್ತಿಕೆ ಬರೆದ. ಅದೂ ಅಚ್ಚಾಯಿತು. ಎರಡಕ್ಕೂ ಅದೇ ಮಸಿ, ಅದೇ ಮೊಳೆ. ಯಂತ್ರಕ್ಕೆ ಪಕ್ಷವಿಲ್ಲ, ಅದನ್ನು ಹಿಡಿದ ಕೈಗೆ ಇದೆ. ಈ ಮಾತು ನೆನಪಿಟ್ಟುಕೊಂಡು ನಮ್ಮ ಕರಾವಳಿಗೆ ಬರೋಣ.

ಅಬಿಸೀನಿಯಕ್ಕೆಂದು ಹಡಗು ಹತ್ತಿದ್ದ ಒಂದು ಅಚ್ಚಿನ ಯಂತ್ರ 1556ರಲ್ಲಿ ಗೋವಾದಲ್ಲಿ ಇಳಿಯಿತು, ಅಲ್ಲೇ ಉಳಿಯಿತು. ಇಂಡಿಯಾದ ಮೊದಲ ಅಚ್ಚುಕೂಟ ಅದು. ಯೇಸುಸಭೆಯ ಪಾದ್ರಿಗಳ ಕೈಯಲ್ಲಿದ್ದ ಆ ಯಂತ್ರ ಮುಖ್ಯವಾಗಿ ಮತದ ಪುಸ್ತಕಗಳನ್ನು ಅಚ್ಚು ಹಾಕಿತು. ಗೋವಾ ನಮಗೆ ದೂರವೇ? ಭಟ್ಕಳ, ಹೊನ್ನಾವರಗಳ ಕಾಳುಮೆಣಸಿಗಾಗಿ ಪೋರ್ಚುಗೀಸರು ಬಡಿದಾಡಿದರು. 1542ರಲ್ಲಿ ಭಟ್ಕಳವನ್ನೇ ಸುಟ್ಟರು. ಗೇರಸೊಪ್ಪೆಯ ಚೆನ್ನಭೈರಾದೇವಿಗೆ 'ಮೆಣಸಿನ ರಾಣಿ' ಎಂದು ಹೆಸರಿಟ್ಟವರೂ ಅವರೇ. ಇಲ್ಲಿಂದ ಮೆಣಸು ಹೋಯಿತು. ಅಲ್ಲಿಂದ ಅಚ್ಚು ಬರಲಿಲ್ಲ.

ಇಲ್ಲಿ ವಿದ್ಯೆ ಇರಲಿಲ್ಲ ಅಂತಲ್ಲ. ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಮಠದ ಶಿಷ್ಯ ಭಟ್ಟಾಕಳಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಬರೆದ. 592 ಸೂತ್ರಗಳ ಕನ್ನಡ ವ್ಯಾಕರಣ, ಅದೂ ಸಂಸ್ಕೃತದಲ್ಲಿ. ಗೋವಾಕ್ಕೆ ಯಂತ್ರ ಬಂದು ಆಗಲೇ 48 ವರ್ಷ. ಆದರೂ ಈ ಗ್ರಂಥ ಅಚ್ಚಾದದ್ದು 1890ರಲ್ಲಿ, ಬೆಂಗಳೂರಿನಲ್ಲಿ, ಬಿ.ಎಲ್. ರೈಸ್ ಕೈಯಿಂದ. 286 ವರ್ಷ ಅದು ಓಲೆಗರಿಯಲ್ಲೇ ಇತ್ತು. ಓದುವವರು ನಾಲ್ಕು ಜನ ಸಾಕು ಎಂದಾದ ಮೇಲೆ ಸಾವಿರ ಪ್ರತಿ ಯಾರಿಗೆ ಬೇಕು? ಅಕ್ಷರ ಮಠದ್ದು, ಲೆಕ್ಕ ಶಾನಭೋಗರದ್ದು, ಮೆಣಸು ಕೊಯ್ಯುವ ಕೈ ಮಾತ್ರ ನಮ್ಮದು. ಅಂಥ ಸಮಾಜಕ್ಕೆ ಅಚ್ಚಿನ ಹಸಿವೇ ಇರಲಿಲ್ಲ.

ಕನ್ನಡಕ್ಕೆ ಮೊಳೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚು ಹಾಕಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ. ಆಗ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆಯ ಮುಖ್ಯ ಊರು ಮಂಗಳೂರು. ಪತ್ರಿಕೆ ನಮ್ಮ ಜಿಲ್ಲೆಯದೇ. ಆದರೆ ಓದಲು ಶಾಲೆ ಬೇಕಲ್ಲ!

ಶಾಲೆಯ ಕತೆ ಕೇಳಿ. ಕುಮಟೆಯ ಬಂದರಿನಿಂದ ಆಗ ಧಾರವಾಡ ಸೀಮೆಯ ಹತ್ತಿ ಹೋಗುತ್ತಿತ್ತು. ಪರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಆ ಹತ್ತಿ ಇಳಿದು ಬರುತ್ತಿದ್ದ ಧಾರವಾಡದಲ್ಲಿ 1856ರಲ್ಲಿ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಲಿಲ್ಲ. ಅರ್ಜಿ ಮುಂಬಯಿ ಸರ್ಕಾರದ ತನಕ ಹೋಯಿತು. ತತ್ವದ ಪ್ರಕಾರ ನ್ಯಾಯ ಹುಡುಗನ ಕಡೆ ಇದೆ, ಆದರೆ ಅವನೊಬ್ಬನಿಗಾಗಿ ಉಳಿದವರಿಗೆಲ್ಲ ಶಾಲೆ ಕೆಡಿಸಲಾಗದು, ಇದು ಸರ್ಕಾರದ ಉತ್ತರದ ಸಾರ. ಮುಂದೆ ಡಾ. ಅಂಬೇಡ್ಕರ್ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಅಚ್ಚಾದ ಪುಸ್ತಕ ಶಾಲೆಯ ಒಳಗಿತ್ತು, ನಮ್ಮ ಹುಡುಗ ಜಗಲಿಯ ಹೊರಗಿದ್ದ. ಪುಸ್ತಕಕ್ಕೆ ಮೈಲಿಗೆ ಇಲ್ಲ. ಅದನ್ನು ಇಟ್ಟ ಜಾಗಕ್ಕೆ ಇತ್ತು.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1883ರಲ್ಲಿ ಮುಂಬಯಿಯ ಸರ್ಕಾರಿ ಅಚ್ಚುಕೂಟದಿಂದ ನಮ್ಮ ಜಿಲ್ಲೆಯ ಗ್ಯಾಸೆಟಿಯರ್ ಬಂತು. ಹಾಲಕ್ಕಿಗಳು, ಹಳೆಪೈಕರು, ಮುಕ್ರಿಗಳು, ಅಂಬಿಗರು, ಆಗೇರರು, ಎಲ್ಲರೂ ಅದರಲ್ಲಿದ್ದಾರೆ. ಏನು ಉಣ್ಣುತ್ತಾರೆ, ಏನು ಉಡುತ್ತಾರೆ, ಮದುವೆ ಹೇಗೆ, ಗುಡಿಸಲು ಹೇಗೆ, ಎಲ್ಲವೂ ಇದೆ. ನಮ್ಮವರು ಅಚ್ಚಿಗೆ ಹೋದದ್ದು ಹೀಗೆ: ಇಂಗ್ಲಿಷಿನಲ್ಲಿ, ಆಳುವವರ ಮೇಜಿನ ಮೇಲೆ, ಓದುಗರಾಗಿ ಅಲ್ಲ, ಲೆಕ್ಕದ ತಲೆಗಳಾಗಿ.

ಅಚ್ಚು ಸಿಕ್ಕಿದವರು ಅದರಿಂದ ಏನು ಮಾಡಬಹುದು ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿ 1887ರಲ್ಲಿ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಪ್ರಕಟಿಸಿದರು. ತಮ್ಮ ಹವ್ಯಕ ಸಮಾಜದಲ್ಲೇ ಹೆಣ್ಣುಮಕ್ಕಳನ್ನು ಮುದುಕರಿಗೆ ಮಾರುವ ಪದ್ಧತಿಯನ್ನು, ಮನೆಯಲ್ಲಿ ಆಡುವ ಮಾತಿನಲ್ಲೇ ಬಯಲಿಗೆಳೆದರು. ಧೈರ್ಯದ ಕೆಲಸ, ಒಪ್ಪುತ್ತೇವೆ. ತನ್ನ ಜಾತಿಯ ಕೊಳೆಯನ್ನು ತಾನೇ ಅಚ್ಚು ಹಾಕಿ ತೋರಿಸಲು ಅವರಿಗೆ ಅಕ್ಷರ ಇತ್ತು. ಅದೇ ಹೊತ್ತಿನಲ್ಲಿ ಅದೇ ಊರುಗಳ ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುತ್ತಿದ್ದ ನಮ್ಮ ಅಜ್ಜಿಯರ ದುಃಖ ಹಾಡಾಗಿಯೇ ಉಳಿಯಿತು.

ನಮ್ಮ ಕೈ ಯಂತ್ರದ ಮೇಲೆ ಬಿದ್ದದ್ದು 1920ರ ಜನವರಿ 31ರಂದು. ನಾವು ಆಗ ಇದ್ದ ಅದೇ ಮುಂಬಯಿ ಪ್ರಾಂತದಲ್ಲಿ ಅಂಬೇಡ್ಕರ್ 'ಮೂಕನಾಯಕ' ಶುರುಮಾಡಿದರು, ಮರಾಠಿಯಲ್ಲಿ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಕನ್ನಡದಲ್ಲಿ ಆ ಬಾಯಿ ಜೋರಾಗಿ ಬಿಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದಕ್ಕೆ ಕುರ್ಚಿ ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೈಗುಳವಾಗಿದ್ದ ಹೆಸರು ಪುಸ್ತಕದ ಹೊದಿಕೆಯ ಮೇಲೆ ಬಂತು.

ಈಗ ಅಜ್ಜನ ಟ್ರಂಕಿಗೆ ಬರುತ್ತೇವೆ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ. ಗೇಣಿದಾರರು ಫಾರಂ ನಂಬರ್ 7 ತುಂಬಿ ಕೊಡಬೇಕು. ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಕೂಲಿ ಆಳುಗಳಿಗೆ ಆ ಫಾರಂನಲ್ಲಿ ಕಾಲಂ ಇರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಅಲ್ಲೇ ಹೊರಗುಳಿದರು. ಅಜ್ಜ ಮಾತ್ರ ಬಾಯಿಮಾತಿನ ಚಾಲಗೇಣಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಗದ್ದೆ ಮಾಡುತ್ತಿದ್ದ. ಅಕ್ಷರ ಬಾರದು. ಅಕ್ಷರ ಬಲ್ಲ ಊರಿನವರೊಬ್ಬರು ತುಂಬಿಕೊಟ್ಟರು, ಅಜ್ಜ ಹೆಬ್ಬೆಟ್ಟು ಒತ್ತಿದ. ಗದ್ದೆ ಸಿಗಲಿಲ್ಲ. "ನಂಗೆ ಕಾಗ್ದ ಅದೆ" ಅಂತ ಸಾಯುವ ತನಕ ಹೇಳುತ್ತಲೇ ಇದ್ದ. ನಾವು ಬಿ.ಎ. ಮುಗಿಸಿ ಬಂದ ವರ್ಷ ಅಪ್ಪ ಟ್ರಂಕು ತೆಗೆದು ಆ ನಕಲು ಕೊಟ್ಟರು. ವಿಸ್ತೀರ್ಣದ ಕಾಲಂನಲ್ಲಿ ಬರೆದದ್ದು ಮೂರು ಗುಂಟೆ. ಗುಡಿಸಲಿನ ಅಡಿಜಾಗ ಅಷ್ಟೇ. ಗದ್ದೆಯ ಸುದ್ದಿಯೇ ಇಲ್ಲ. ಆ ಕೆಳಗೆ ಅಜ್ಜನ ಹೆಬ್ಬೆಟ್ಟು.

ನಮ್ಮ ಕೇರಿಗೆ ಅಚ್ಚು ಬಂದದ್ದು ಹೀಗೆ. ಗುಟೆನ್‌ಬರ್ಗನ ಬೈಬಲ್ಲಿನಿಂದ ಐದುನೂರು ವರ್ಷ ದಾಟಿ ಬಂತು, ಬಂದ ಮೇಲೂ ಅದನ್ನು ತುಂಬಿದ ಕೈ ನಮ್ಮದಾಗಿರಲಿಲ್ಲ.

ಇವತ್ತು ಮೊಳೆ ಜೋಡಿಸುವ ಅಚ್ಚುಕೂಟಗಳು ಹೋದವು. ಕೂಲಿಗೆ ಹೋಗುವವರ ಜೇಬಿನಲ್ಲೂ ಫೋನಿದೆ, ಅದೇ ಒಂದು ಅಚ್ಚುಕೂಟ. ಆದರೂ ಬೇರೆಯವರು ತುಂಬಿದ್ದಕ್ಕೆ ಬೆರಳು ಒತ್ತುವುದು ನಿಂತಿಲ್ಲ. ಹೆಬ್ಬೆಟ್ಟಿನ ಜಾಗಕ್ಕೆ ಫಾರ್ವರ್ಡ್ ಬಂದಿದೆ, ಅಷ್ಟೇ. ಕುಮಟೆಯ ಎಲ್.ಆರ್. ಹೆಗಡೆಯವರಂಥ ವಿದ್ವಾಂಸರು ಈ ಕರಾವಳಿಯ ಹಾಡುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಆ ಋಣ ನಮ್ಮ ಮೇಲಿದೆ. ಇನ್ನು ಹಾಡಿದವರ ಮಕ್ಕಳೇ ಬರೆಯಬೇಕು, ಹಾಡಿದವರ ಹೆಸರು ಹೊದಿಕೆಯ ಮೇಲೆ ಬರಬೇಕು.

ಊರೂರಿನಲ್ಲಿ ಪಾಠ ಮಾಡುವ ಗೆಳೆಯರೇ, ಮುದ್ರಣ ಯಂತ್ರದ ಪಾಠ ಬಂದಾಗ ಆ ಒಂದು ಮಾರ್ಕಿನ ಪ್ರಶ್ನೆ ಕೇಳಿ, ಬೇಡ ಅನ್ನುವುದಿಲ್ಲ. ಮಾರನೆಯ ದಿನ ಮಕ್ಕಳಿಗೆ ಮನೆಯ ಟ್ರಂಕಿನಲ್ಲಿರುವ ಕಾಗದ ತರಲು ಹೇಳಿ. ಗೇಣಿಚೀಟಿ, ಫಾರಂ 7, ಸಾಲದ ಪತ್ರ, ಯಾವುದಾದರೂ ಸರಿ. ಅಕ್ಷರ ಬಾರದ ಅಜ್ಜ ಅಜ್ಜಿಯರನ್ನೂ ಕರೆದು ಕೂರಿಸಿ. ಮಕ್ಕಳು ಅದನ್ನು ಗಟ್ಟಿಯಾಗಿ ಓದಲಿ.