ಚಲನೆಯ ನಿಯಮಗಳು
ವಸ್ತುವಿನ ಮೇಲಿನ ಬಲಕ್ಕೂ ಅದರ ಚಲನೆಯ ಬದಲಾವಣೆಗೂ ಇರುವ ನಂಟನ್ನು ಹೇಳುವ ಮೂರು ನಿಯಮಗಳು. ಐಸಾಕ್ ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಇವನ್ನು ನಿರೂಪಿಸಿದ. ವಿಜಯನಗರ ಜಿಲ್ಲೆಯ ಜಾತ್ರೆಗಳಲ್ಲಿ ಮೂರನ್ನೂ ಕಣ್ಣಾರೆ ನೋಡಬಹುದು.

ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರು ನಿಂತಲ್ಲಿಂದ ಸುಲಭಕ್ಕೆ ಕದಲದು. ಹೊರಗಿನ ಬಲ ಬೀಳುವವರೆಗೆ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುತ್ತದೆ. ಇದು ಮೊದಲ ನಿಯಮ, ಜಡತ್ವದ ನಿಯಮ. ಹೊರಟ ತೇರನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. ಎಳೆಯುವ ಹಗ್ಗವಾದ ಮಿಣಿಯನ್ನು ಕೈಬಿಟ್ಟ ಮಾತ್ರಕ್ಕೆ ಅದು ಅಲ್ಲಿಯೇ ನಿಲ್ಲುವುದಿಲ್ಲ, ಗಾಲಿಗೆ ಅಡ್ಡ ಕೊಡಬೇಕು. ಮಿಣಿ ಎಳೆಯುವವರು ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತಾರೆ, ನೆಲ ಅವರನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಇದು ಮೂರನೆಯ ನಿಯಮ. ಘರ್ಷಣೆ ತೀರಾ ಕಡಿಮೆಯಿರುವ ಕೆಸರಿನಲ್ಲಿ ಎಷ್ಟು ಜನ ಸೇರಿದರೂ ಕಾಲು ಜಾರುತ್ತದೆಯೇ ಹೊರತು ತೇರು ಸಾಗದು.

  

ಎರಡನೆಯ ನಿಯಮಕ್ಕೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಅಲ್ಲಿನ ಜಾತ್ರೆಯಲ್ಲಿ ಮೈಲಾರಲಿಂಗನ ಸೇವಕನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರಣಿಕವೆಂಬ ಭವಿಷ್ಯವಾಣಿ ನುಡಿದು ಕೆಳಗೆ ಬೀಳುತ್ತಾನೆ. 4 ಮೀಟರ್ ಎತ್ತರದಿಂದ ಬಿದ್ದ ದೇಹದ ವೇಗ ನೆಲ ಮುಟ್ಟುವಾಗ ಗಂಟೆಗೆ ಸುಮಾರು 32 ಕಿ.ಮೀ. ಗಟ್ಟಿ ನೆಲ ಆ ವೇಗವನ್ನು ಕ್ಷಣಾರ್ಧದಲ್ಲಿ ಸೊನ್ನೆಗಿಳಿಸುತ್ತದೆ, ಆದ್ದರಿಂದ ಬಲ ಭಾರಿ. ಕೆಳಗೆ ನೆರೆದವರ ಕೈಗಳು ಬಾಗುತ್ತಾ ಹಿಡಿಯುವುದರಿಂದ ಸಮಯ ಹಿಗ್ಗಿ ಬಲ ತಗ್ಗುತ್ತದೆ. ಇದೇ ಎರಡನೆಯ ನಿಯಮ: ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಅದರ ಏಕಮಾನಕ್ಕೆ ನ್ಯೂಟನ್ನನದೇ ಹೆಸರು.