ವಿದ್ಯುತ್ ಶಾಖದ ಹೆಣಿಗೆ ವಸ್ತ್ರಗಳು: ವೈದ್ಯಕೀಯ ಬಳಕೆ, ಖರೀದಿ ಹಾಗೂ ತಯಾರಿಕಾ ಪರವಾನಗಿ ಕುರಿತು ಸಾರ್ವಜನಿಕ ಮಾಹಿತಿ

ಮೊಣಕಾಲು, ಸೊಂಟ ಹಾಗೂ ಕುತ್ತಿಗೆಯ ನೋವಿಗೆ ಶಾಖ ನೀಡುವ ವಿದ್ಯುತ್ ಪಟ್ಟಿಗಳು ಪೇಟೆಯಲ್ಲಿಯೂ ಅಂತರ್ಜಾಲ ಮಳಿಗೆಗಳಲ್ಲಿಯೂ ದೊರೆಯುತ್ತಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರು ಇವುಗಳನ್ನು ಕೊಳ್ಳುವ ಮುನ್ನ, ಹಾಗೂ ಈ ಭಾಗದ ನೇಕಾರರು ಇವುಗಳ ತಯಾರಿಕೆಗೆ ಹಣ ಹೂಡುವ ಮುನ್ನ, ತಿಳಿದಿರಬೇಕಾದ ಸಂಗತಿಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ವಸ್ತ್ರದ ಸ್ವರೂಪ

ಕಂಬಳಿಯು ದೇಹದ ಶಾಖವನ್ನು ಹೊರಹೋಗದಂತೆ ತಡೆಯುತ್ತದೆಯೇ ಹೊರತು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ವಿದ್ಯುತ್ ಶಾಖದ ವಸ್ತ್ರದಲ್ಲಿ ಸಾಮಾನ್ಯ ನೂಲಿನ ಜೊತೆಗೆ ವಿದ್ಯುತ್ ಹರಿಯಬಲ್ಲ ನೂಲನ್ನು, ಅಂದರೆ ಸ್ಟೇನ್‌ಲೆಸ್ ಉಕ್ಕಿನ ಎಳೆ, ಬೆಳ್ಳಿ ಲೇಪಿತ ನೈಲಾನ್ ಅಥವಾ ಇಂಗಾಲದ ಎಳೆಯನ್ನು ಸೇರಿಸಿ ಹೆಣೆಯಲಾಗಿರುತ್ತದೆ. ಹೆಣಿಗೆಯು ಕುಣಿಕೆಗಳಿಂದ ಆದದ್ದರಿಂದ ಹಿಗ್ಗುತ್ತದೆ ಮತ್ತು ಮಡಚುವ ಮೊಣಕಾಲಿಗೂ ಒತ್ತಿ ಕೂಡುತ್ತದೆ. ನೇಯ್ದ ಬಟ್ಟೆಗೆ ಈ ಗುಣ ಕಡಿಮೆ.

ಇದೇ ಗುಣದಿಂದ ತೊಂದರೆಯೂ ಉಂಟು. ಬಟ್ಟೆ ಹಿಗ್ಗಿದಾಗ ಕುಣಿಕೆಗಳ ನಡುವಿನ ಸ್ಪರ್ಶ ಬದಲಾಗಿ ವಿದ್ಯುತ್ ರೋಧವೂ ಬದಲಾಗುತ್ತದೆ. ಪದೇ ಪದೇ ತೊಳೆಯುವುದರಿಂದ ಬೆಳ್ಳಿಯ ಲೇಪನ ಸವೆಯುತ್ತದೆ. ಒಂದೇ ಸಾಲಿನಲ್ಲಿ ವಿದ್ಯುತ್ ಹರಿಯುವ ನೂಲಿನಲ್ಲಿ ಸವೆದ ಭಾಗವೇ ಉಳಿದ ಭಾಗಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಆದುದರಿಂದ ಹೊಸದಿದ್ದಾಗ ಹಿತವಾಗಿದ್ದ ಪಟ್ಟಿಯು ಹಳೆಯದಾದಾಗ ಒಂದೇ ಜಾಗದಲ್ಲಿ ಸುಡಬಹುದು. ಮಡಚಿ ಬಳಸಿದರೂ ಇದೇ ಪರಿಣಾಮ.

ಸಣ್ಣ ಪಟ್ಟಿಗಳು ಸಾಮಾನ್ಯವಾಗಿ 5 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. 5 ವೋಲ್ಟಿನಲ್ಲಿ 2 ಆಂಪಿಯರ್ ಹರಿದರೆ 10 ವ್ಯಾಟ್ ಆಗುತ್ತದೆ. ಇಂತಹ ಪಟ್ಟಿಯನ್ನು 100 ಗಂಟೆ ಬಳಸಿದಾಗ ಒಂದು ಯೂನಿಟ್ ಖರ್ಚಾಗುವುದರಿಂದ ವಿದ್ಯುತ್ ಬಿಲ್ಲಿನ ಚಿಂತೆ ಅನಾವಶ್ಯಕ. ಮನೆಯ 230 ವೋಲ್ಟ್ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಮಾದರಿಗಳನ್ನು ಒದ್ದೆ ಬಟ್ಟೆಯ ಮೇಲೆ ಅಥವಾ ಬೆವರಿದ ಮೈಮೇಲೆ ಬಳಸಕೂಡದು.

ಯಾರು ಬಳಸಬಾರದು

ಈ ಪುಟದಲ್ಲಿ ಅತಿ ಮುಖ್ಯವಾದ ಭಾಗ ಇದಾಗಿದೆ. ಕಾಸಿದ ಉಸುಕಿನ ಗಂಟಿನಿಂದ ಕಾವು ಕೊಡುವ ರೂಢಿ ಈ ಭಾಗದ ಮನೆಗಳಲ್ಲಿದೆ. ಗಂಟು ಕೆಲವೇ ನಿಮಿಷಗಳಲ್ಲಿ ತಾನಾಗಿ ಆರುತ್ತದೆ. ವಿದ್ಯುತ್ ಪಟ್ಟಿ ಆರುವುದಿಲ್ಲ. ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು 1947ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಚರ್ಮದ ಮೇಲ್ಮೈ 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಗಂಟೆ ಇದ್ದರೆ ಸುಟ್ಟ ಗಾಯವಾಗುತ್ತದೆ. ಅಲ್ಲಿಂದ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಂತೆ ಈ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೈಗೆ ಬೆಚ್ಚಗೆ ಎನಿಸುವ ಪಟ್ಟಿಯೇ ರಾತ್ರಿಯಿಡೀ ಕಟ್ಟಿಕೊಂಡು ಮಲಗಿದವರ ಚರ್ಮವನ್ನು ಸುಡಬಹುದೆಂಬುದು ಇದರ ತಾತ್ಪರ್ಯ.

ಆರೋಗ್ಯವಂತರಿಗೆ ಉರಿ ತಿಳಿದು ಪಟ್ಟಿಯನ್ನು ತೆಗೆಯುತ್ತಾರೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ, ಕುಷ್ಠರೋಗದಿಂದ ನರಗಳಿಗೆ ಹಾನಿಯಾದವರಿಗೆ, ಪಾರ್ಶ್ವವಾಯು ಪೀಡಿತರಿಗೆ ಹಾಗೂ ನಿದ್ರೆಯ ಮಾತ್ರೆ ಸೇವಿಸುವವರಿಗೆ ಅದು ತಿಳಿಯುವುದಿಲ್ಲ. ಪಾದ ತಣ್ಣಗಿದೆ, ಜೋಮು ಹಿಡಿದಿದೆ ಎಂದು ಶಾಖದ ಪಟ್ಟಿ ಹುಡುಕಿಕೊಂಡು ಬರುವವರಲ್ಲಿ ಇಂತಹವರೂ ಇರುತ್ತಾರೆಂಬುದು ಗಮನಾರ್ಹ. ಮಧುಮೇಹಿಯ ಪಾದದ ಸುಟ್ಟ ಗಾಯ ಸುಲಭವಾಗಿ ಮಾಯುವುದಿಲ್ಲ. ಅದು ಬೆರಳನ್ನೋ ಪಾದವನ್ನೋ ಕತ್ತರಿಸುವ ಹಂತಕ್ಕೂ ಹೋಗಬಹುದು. ಇಂತಹವರು ಮೊದಲು ಸರ್ಕಾರಿ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಮಾಡುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ.

ನೋವಿನ ಮುಲಾಮು ಹಚ್ಚಿದ ಜಾಗಕ್ಕೂ, ಔಷಧ ಹೀರಿಸುವ ಪಟ್ಟಿ ಅಂಟಿಸಿದ ಜಾಗಕ್ಕೂ, ಕೆಂಪಾಗಿ ಬಾತು ಬಿಸಿಯಾಗಿರುವ ಕೀಲಿಗೂ ಶಾಖ ನೀಡಬಾರದು.

ನವಜಾತ ಶಿಶುಗಳಿಗೆ ಇವುಗಳನ್ನು ಮನೆಯಲ್ಲಿ ಎಂದಿಗೂ ಬಳಸಕೂಡದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ 'ಎಂಬ್ರೇಸ್' ಶಿಶು ಚೀಲದಲ್ಲಿ ಮಗುವಿನ ಬಳಿ ವಿದ್ಯುತ್ತೇ ಇಲ್ಲದಿರುವುದು ಇಲ್ಲಿ ನೆನೆಯತಕ್ಕದ್ದು. ಅದರಲ್ಲಿನ ಮೇಣದಂತಹ ವಸ್ತುವನ್ನು ಪ್ರತ್ಯೇಕವಾಗಿ ಕಾಸಿ ಚೀಲದೊಳಗೆ ಇಡಲಾಗುತ್ತದೆ. ಅದು ಹಲವು ಗಂಟೆಗಳ ಕಾಲ ಸುಮಾರು 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಕಡಿಮೆ ತೂಕದ ಮಗುವಿಗೆ ಮನೆಯಲ್ಲಿ ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯೇ ಯೋಗ್ಯ.

ಖರೀದಿಸುವಾಗ

ವೈದ್ಯಕೀಯ ಸಾಧನಗಳ ನಿಯಮಗಳು, 2017 ಜಾರಿಯಲ್ಲಿದ್ದು, 2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದಿವೆ. ತಯಾರಕರು ವಸ್ತುವಿನ ಉದ್ದೇಶವೇನೆಂದು ಹೇಳಿಕೊಳ್ಳುತ್ತಾರೆಂಬುದು ಇಲ್ಲಿ ನಿರ್ಣಾಯಕ. ಚಳಿಗೆ ಧರಿಸುವ ಬೆಚ್ಚನೆಯ ಅಂಗಿ ಎಂದು ಮಾರಿದರೆ ಅದು ಉಡುಪು. ಸಂಧಿವಾತದ ನೋವು ನಿವಾರಕ ಎಂದು ಮಾರಿದರೆ ವೈದ್ಯಕೀಯ ಸಾಧನ. ಎರಡನೆಯದರ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ ಹಾಗೂ ಪರವಾನಗಿ ಸಂಖ್ಯೆ ಇರಲೇಬೇಕು. ಬಿಲ್ಲಿಲ್ಲದೆ ಕೊಂಡರೆ ಉಳಿಯುವ ಹಣ ಅಲ್ಪ, ಕಳೆದುಕೊಳ್ಳುವುದು ದೂರು ಸಲ್ಲಿಸಲು ಬೇಕಾದ ಆಧಾರವನ್ನು.

ತಯಾರಿಸಲು ಇಚ್ಛಿಸುವವರಿಗೆ

ರಾಮದುರ್ಗ, ಸುರೇಬಾನ ಹಾಗೂ ದೇಶನೂರಿನ ಮಗ್ಗಗಳು ನೇಯ್ಗೆಯ ಮಗ್ಗಗಳಾಗಿದ್ದು, ಅವುಗಳಲ್ಲಿ ಹೆಣಿಗೆ ಸಾಧ್ಯವಿಲ್ಲ. ಹೆಣಿಗೆ ಯಂತ್ರ ಬೇರೆಯೇ ಬಂಡವಾಳ. ಮಗ್ಗವನ್ನು ಮಾರಿ ಈ ಉದ್ಯಮಕ್ಕೆ ಇಳಿಯುವ ಮುನ್ನ ಮಾದರಿ ತಯಾರಿಸಿ ಪರೀಕ್ಷಿಸುವುದು ವಿವೇಕ. ಪರೀಕ್ಷೆಗಾಗಿ ತಯಾರಿಸಲು ನಮೂನೆ ಎಂಡಿ-12ರಲ್ಲಿ ಅರ್ಜಿ ಸಲ್ಲಿಸಿ ಎಂಡಿ-13ರಲ್ಲಿ ಅನುಮತಿ ಪಡೆಯತಕ್ಕದ್ದು. ವೈದ್ಯಕೀಯ ಜವಳಿಯ ಉತ್ಕೃಷ್ಟತಾ ಕೇಂದ್ರವು ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘದಲ್ಲಿದೆ. ಗೃಹಬಳಕೆಯ ಶಾಖದ ಹೊದಿಕೆ ಹಾಗೂ ಉಡುಪುಗಳಿಗೆ ಐಇಸಿ 60335-2-17, ವೈದ್ಯಕೀಯ ಶಾಖದ ಹೊದಿಕೆಗಳಿಗೆ ಐಇಸಿ 60601-2-35 ಅಂತರರಾಷ್ಟ್ರೀಯ ಮಾನಕಗಳಾಗಿವೆ.

ದೇಹಕ್ಕೆ ಶಕ್ತಿಯನ್ನು ನೀಡುವ ಚಿಕಿತ್ಸಾ ಸಾಧನಗಳು ಸಾಮಾನ್ಯವಾಗಿ 'ಬಿ' ವರ್ಗಕ್ಕೂ, ಅಪಾಯದ ಸಂಭವ ಹೆಚ್ಚಿದ್ದಲ್ಲಿ 'ಸಿ' ವರ್ಗಕ್ಕೂ ಸೇರುತ್ತವೆ. 'ಬಿ' ವರ್ಗಕ್ಕೆ ನಮೂನೆ ಎಂಡಿ-3ರಲ್ಲಿ ರಾಜ್ಯ ಪರವಾನಗಿ ಪ್ರಾಧಿಕಾರಕ್ಕೆ, 'ಸಿ' ವರ್ಗಕ್ಕೆ ಎಂಡಿ-7ರಲ್ಲಿ ಕೇಂದ್ರ ಪ್ರಾಧಿಕಾರಕ್ಕೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. 2017ರ ನಿಯಮಗಳ ಅನುಸೂಚಿಯಂತೆ 'ಬಿ' ವರ್ಗಕ್ಕೆ ಪ್ರತಿ ತಯಾರಿಕಾ ಸ್ಥಳಕ್ಕೆ ರೂ. 5000 ಹಾಗೂ ಪ್ರತಿ ಸಾಧನಕ್ಕೆ ರೂ. 500 ಶುಲ್ಕ ನಿಗದಿಯಾಗಿದೆ. ಅಧಿಸೂಚಿತ ಸಂಸ್ಥೆಯು ತಯಾರಿಕಾ ಸ್ಥಳದ ಆಡಿಟ್ ನಡೆಸುತ್ತದೆ. ಇಲ್ಲಿ ಆಡಿಟ್ ಎಂದರೆ ಲೆಕ್ಕಪತ್ರಗಳ ತಪಾಸಣೆಯಲ್ಲ, ಗುಣಮಟ್ಟ ವ್ಯವಸ್ಥೆಯ ತಪಾಸಣೆ. ಕೇವಲ ಮಾರಾಟ ಮಾಡುವ ಅಂಗಡಿಯವರು ಔಷಧ ಮಾರಾಟದ ಪರವಾನಗಿ ಹೊಂದಿಲ್ಲದಿದ್ದಲ್ಲಿ ಎಂಡಿ-41ರಲ್ಲಿ ಅರ್ಜಿ ಸಲ್ಲಿಸಿ ಎಂಡಿ-42ರ ನೋಂದಣಿ ಪಡೆಯತಕ್ಕದ್ದು.

ಗಾಯವಾದಲ್ಲಿ

ಪಟ್ಟಿಯನ್ನು ತೊಳೆಯದೆ, ದುರಸ್ತಿ ಮಾಡಿಸದೆ, ಬಿಲ್ಲು ಮತ್ತು ಹೊದಿಕೆ ಪೆಟ್ಟಿಗೆಯೊಂದಿಗೆ ಕಾಯ್ದಿರಿಸತಕ್ಕದ್ದು. ಚಿಕಿತ್ಸೆ ಪಡೆದ ನಂತರ, ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗವು ನಿರ್ವಹಿಸುವ, 2015ರಲ್ಲಿ ಆರಂಭವಾದ ವೈದ್ಯಕೀಯ ಸಾಧನ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ಶುಲ್ಕರಹಿತ ದೂರವಾಣಿ 1800-180-3024ರ ಮೂಲಕ ವರದಿ ಮಾಡಬಹುದು. ರೋಗಿಯೇ ನೇರವಾಗಿ ವರದಿ ಮಾಡಲು ಅವಕಾಶವಿದೆ. ಪರಿಹಾರ ಬಯಸುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಎರಡು ವರ್ಷಗಳೊಳಗೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದಾಗಿದೆ. ವಸ್ತುವಿಗೆ ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.